ಹಾಸಿಗೆ ಗೋದಾಮಿನ ಆಲ್ಬಮ್

ಕಳೆದ ತಿಂಗಳು ನಾವು ಮಂಗಳೂರಿನ ಅತ್ತಾವರದಲ್ಲೇ ಒಂದು ಓಣಿಯಿಂದ ಇನ್ನೊಂದು ಓಣಿಗೆ ಮನೆ ಬದಲಾಯಿಸಿದೆವು. ಹಳೆಯ ಹಾಸಿಗೆ ನಡುವೆ ಕುಸಿದು ಗುಂಡಿಯಾಗಿತ್ತು; ಯಾರು ಯಾವ ಬದಿಯಲ್ಲಿ ಮಲಗಿದರೂ ಬೆಳಗ್ಗೆ ಇಬ್ಬರೂ ಆ ಗುಂಡಿಯಲ್ಲೇ ಏಳುತ್ತಿದ್ದೆವು. ಹೊಸದು ತರೋಣವೆಂದು ನಾನೂ ನನ್ನ ಹೆಂಡತಿ ಸೌಮ್ಯಾಳೂ ಒಂದು ಅಂಗಡಿಗೆ ಹೋದೆವು. ಬಾಗಿಲು ದಾಟಿದ್ದೇ ತಡ, ಹೊಸ ಫೋಮಿನ ವಾಸನೆ ಮೂಗಿಗೆ ಬಡಿಯಿತು. ಪ್ಲಾಸ್ಟಿಕ್ ಹೊದಿಕೆ, ಅಂಟು, ಅದರಡಿಯಲ್ಲಿ ಎಲ್ಲೋ ತೆಂಗಿನ ನಾರು. ನನಗೆ ಏನಾಯಿತೋ, ನಿಲ್ಲಿಸಿಟ್ಟಿದ್ದ ಎರಡು ಹಾಸಿಗೆಗಳ ನಡುವೆ ತಲೆ ತೂರಿಸಿ ಗಟ್ಟಿಯಾಗಿ ಒಂದು ಚಪ್ಪಾಳೆ ತಟ್ಟಿದೆ.

“ಎಂತ ಮಾಡುದು ನೀವು? ಮಲಗಿ ನೋಡ್ಲಿಕ್ಕೆ ಹೇಳಿದ್ರೆ ಚಪ್ಪಾಳೆ ತಟ್ಟಿ ನೋಡ್ತೀರಲ್ಲ!” ಎಂದಳು ಸೌಮ್ಯಾ.

ಅಂಗಡಿಯವನು ಮರ್ಯಾದೆಯ ಮನುಷ್ಯ. “ಪರವಾಗಿಲ್ಲ ಮೇಡಂ, ಕೆಲವರು ಗುದ್ದಿಯೂ ನೋಡ್ತಾರೆ” ಎಂದ.

“ಒಳ್ಳೆ ಹಾಸಿಗೆ. ಸದ್ದು ಪೂರಾ ಕುಡೀತದೆ” ಎಂದೆ ನಾನು. ಸೌಮ್ಯಾ ಅಲ್ಲಿದ್ದ ಕುರ್ಚಿಯೊಂದನ್ನು ಎಳೆದು ಕುಳಿತಳು. “ಇನ್ನು ಬೈಕಂಪಾಡಿ ಕತೆ ಶುರುವಾಗ್ತದೆ. ನೀವೂ ಕೂತ್ಕೊಳ್ಳಿ” ಎಂದು ಅಂಗಡಿಯವನಿಗೂ ಹೇಳಿದಳು.

ಅವನು ಕೂರಲಿಲ್ಲ, ಬೇರೆ ಗಿರಾಕಿ ಬಂದರು. ಆದರೆ ಕತೆ ಶುರುವಾಗಿಯೇ ಬಿಟ್ಟಿತ್ತು. ನಾನು ಆ ಹಾಸಿಗೆಗಳ ನಡುವೆ ನಿಂತು ಆಗಲೇ ಆ ಮಳೆಗಾಲಕ್ಕೆ ಹೋಗಿಯಾಗಿತ್ತು.

ಆಗ ನನಗೆ ಮದುವೆಯಾಗಿರಲಿಲ್ಲ. ಬಜಪೆಯಲ್ಲಿ ಅಮ್ಮನ ಜೊತೆ ಇದ್ದೆ. ಬೈಕಂಪಾಡಿಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ. ಅದು ಹೊಟ್ಟೆಪಾಡು. ಉಳಿದ ಹೊತ್ತಿನಲ್ಲೆಲ್ಲ ನಾನು ಹಿಪ್‌ಹಾಪ್ ಪ್ರೊಡ್ಯೂಸರ್. ಹೀಗೆಂದಾಗ ನಮ್ಮ ಚಿಕ್ಕಮ್ಮ ಒಬ್ಬರು “ಯಾವ ಸಿನಿಮಾ?” ಎಂದು ಕೇಳಿದ್ದರು. ನಾನು ಮಾಡುವುದು ಬೀಟು. ತಾಳ, ಅದರ ಕೆಳಗೆ ಗುಮ್ಮೆನ್ನುವ ಒಂದು ದಪ್ಪ ಸ್ವರ, ಮೇಲೊಂದು ಪುಟ್ಟ ರಾಗ, ಇಷ್ಟನ್ನು ಕಂಪ್ಯೂಟರಿನಲ್ಲಿ ಹೆಣೆದು ಕೊಟ್ಟರೆ ರ‍್ಯಾಪ್ ಮಾಡುವವರು ಅದರ ಮೇಲೆ ಮಾತು ಕೂರಿಸುತ್ತಾರೆ. ನೆರೆಯವರು ಮಗ ಎಂತ ಮಾಡುವುದು ಎಂದು ಕೇಳಿದರೆ ಅಮ್ಮ, “ಕಂಪ್ಯೂಟರಲ್ಲಿ ಎಂತದೋ ಡಬಡಬ ಮಾಡ್ತಾನೆ, ಕೆಟ್ಟ ಅಭ್ಯಾಸ ಬೇರೆ ಎಂತದೂ ಇಲ್ಲ” ಎನ್ನುತ್ತಿದ್ದರು.

ಮಂಗಳೂರಿನ ಅರ್ಧ ರ‍್ಯಾಪರುಗಳು ನನ್ನ ಬೀಟಿನ ಮೇಲೆ ಹಾಡಿದವರೇ. ಹಾಡು ಬರುತ್ತಿತ್ತು, ಹುಡುಗರು ಅದಕ್ಕೆ ಕುಣಿಯುತ್ತಿದ್ದರು, ಪರದೆಯ ಮೇಲೆ ಹಾಡಿದವನ ಹೆಸರು ಬರುತ್ತಿತ್ತು. ನನ್ನ ಹೆಸರು ಬರುವಷ್ಟರಲ್ಲಿ ಜನ ಮುಂದಿನ ಹಾಡಿಗೆ ಹೋಗಿರುತ್ತಿದ್ದರು. ಬೇಸರ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ವರ್ಷ ಮಳೆ ಹಿಡಿಯುವ ಮೊದಲೇ ನಾನು ನಿಶ್ಚಯ ಮಾಡಿದೆ: ಈ ಮಳೆಗಾಲದಲ್ಲಿ ನನ್ನದೇ ಒಂದು ಆಲ್ಬಮ್. ಎಂಟು ಹಾಡು, ಒಂದೊಂದಕ್ಕೂ ಒಬ್ಬೊಬ್ಬ ಅತಿಥಿ ಗಾಯಕ. ನಾನು ಹಾಡುವ ಪ್ರಶ್ನೆಯೇ ಇಲ್ಲ, ನನ್ನ ಸ್ವರ ಕೇಳಿದರೆ ಮನೆಯ ಬೆಕ್ಕು ಎದ್ದು ಹೋಗುತ್ತದೆ.

ಮೊದಲು ಮನೆಯಲ್ಲೇ ರೆಕಾರ್ಡ್ ಮಾಡಲು ನೋಡಿದೆ. ವಿಮಾನ ನಿಲ್ದಾಣದ ಪಕ್ಕದ ಬಜಪೆಯಲ್ಲಿ ಮನೆ ಇದ್ದವರಿಗೆ ಇದರ ಸುಖ ಗೊತ್ತು. ವಿಮಾನ ನಮ್ಮ ಹಂಚಿನ ಮೇಲೆಯೇ ಇಳಿಯುತ್ತದೆಯೋ ಎನ್ನುವ ಹಾಗೆ ಬರುತ್ತದೆ. ಕೊಂಕಣಿಯಲ್ಲಿ ಹಾಡುವ ಲವೀನಾ ಎಂಬ ಹುಡುಗಿ ಕಣ್ಣು ಮುಚ್ಚಿ ಉಸಿರೆಳೆದು ಸ್ವರ ಹಿಡಿದಳು, ದುಬಾಯಿ ಬಂತು. ಮತ್ತೆ ಹಿಡಿದಳು, ಮುಂಬಯಿ ಹೋಯಿತು. ವಿಮಾನ ಇಲ್ಲದಾಗ ಮಳೆ. ಮಳೆ ನಿಂತಾಗ ಅಮ್ಮ ಒಳಗಿನಿಂದ “ಚಾ ಮಾಡ್ಲಾ?” ಎಂದು ಕೇಳುತ್ತಿದ್ದರು. ಆ ದಿನದ ರೆಕಾರ್ಡಿಂಗಿನಲ್ಲಿ ಸ್ಪಷ್ಟವಾಗಿ ಕೇಳುವುದು ಅಮ್ಮನ ಆ ಒಂದು ಮಾತು ಮಾತ್ರ.

ನಮ್ಮ ಕಾರ್ಖಾನೆಯ ಪಕ್ಕದ ಗೋದಾಮು ಹಮೀದಾಕನದ್ದು. ಅವರ ತಂದೆಯ ಕಾಲದಿಂದಲೂ ಹಾಸಿಗೆ ವ್ಯಾಪಾರ. ಮೊದಲು ಬೂರುಗದ ಹತ್ತಿಯದ್ದು, ಈಗ ಫೋಮು ಮತ್ತು ನಾರಿನದ್ದು. ಊರಿಡೀ ಅವರನ್ನು ಕರೆಯುವುದು ಹಮೀದಾಕ, ಅಂದರೆ ಹಮೀದಣ್ಣ, ಎಂದೇ; ಬ್ಯಾರಿ ಮುಸ್ಲಿಮರಲ್ಲದ ನಾವೂ ಹಾಗೆಯೇ ಕರೆಯುತ್ತಿದ್ದೆವು. ಒಂದು ಮಧ್ಯಾಹ್ನ ದಪ್ಪ ಮಳೆ ಸುರಿಯುತ್ತಿದ್ದಾಗ ಕೊಡೆ ಕೇಳಲು ಒಳಗೆ ಹೋದೆ. ಮುಂದಿನ ಭಾಗಕ್ಕೆ ತಗಡಿನ ಮಾಡು, ಅಲ್ಲಿ ಮಳೆಯ ಬೊಬ್ಬೆಗೆ ಮಾತೇ ಕೇಳುವುದಿಲ್ಲ. ಹಿಂಭಾಗದಲ್ಲಿ ಮಾತ್ರ ತಾರಸಿ ಹಾಕಿದ ಒಂದು ದೊಡ್ಡ ಕೋಣೆ. ಅದರಲ್ಲಿ ನೆಲದಿಂದ ಮಾಡಿನವರೆಗೆ ಹಾಸಿಗೆಗಳು, ನಡುವೆ ಒಬ್ಬರು ನಡೆಯುವಷ್ಟು ದಾರಿ. ದಾರಿಯ ಕೊನೆಯಲ್ಲಿ ಹಮೀದಾಕ ಫೋನಿನಲ್ಲಿ ಮಾತಾಡುತ್ತಿದ್ದರು. ಅವರ ಸ್ವರ ನನ್ನ ಕಿವಿಯ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳಿತು. ಮಾರ್ದನಿ ಎಂಬುದು ಚೂರೂ ಇಲ್ಲ. ನಾನು ಕೊಡೆ ಮರೆತು ಒಂದು ಚಪ್ಪಾಳೆ ತಟ್ಟಿದೆ. ಮುಂದೆ ಹೋಗಿ ಇನ್ನೊಂದು ತಟ್ಟಿದೆ.

“ಎಂತ, ಸೊಳ್ಳೆಯಾ?” ಎಂದರು ಹಮೀದಾಕ.

ಅಲ್ಲ ಎಂದು ಎಲ್ಲವನ್ನೂ ವಿವರಿಸಿದೆ. ಅವರು ಸಾವಧಾನವಾಗಿ ಕೇಳಿ, “ಹಾಡುವವರು ಬೇರೆ, ಬರೆಯುವವರೂ ಅವರೇ. ಮತ್ತೆ ಆಲ್ಬಮ್ ನಿನ್ನದು ಹೇಗೆ?” ಎಂದರು. ಮತ್ತೆ ಅವರೇ, “ಗೊತ್ತಾಯ್ತು ಬಿಡು. ಮದುವೆ ಊಟದಲ್ಲಿ ಯಜಮಾನ ಅಡುಗೆ ಮಾಡುದಿಲ್ಲ. ಆದ್ರೆ ಬಿರಿಯಾನಿ ಕೆಟ್ಟರೆ ಬೈಗುಳ ಯಾರಿಗೆ? ಯಜಮಾನನಿಗೆ. ಹಾಗೆ ಅಲ್ಲವಾ?” ಎಂದರು. ಇಂದಿಗೂ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು.

ಕೋಣೆ ಕೊಟ್ಟರು. ಭಾನುವಾರಗಳಂದು, ಹಗಲು ಹೊತ್ತು. ಷರತ್ತುಗಳಿದ್ದವು: ಚಪ್ಪಲಿ ಹೊರಗೆ, ಒಳಗೆ ಮೀನು ಫ್ರೈ ತಿನ್ನಬಾರದು, ಮುಖ್ಯವಾಗಿ ಯಾರೂ ಮಲಗಬಾರದು. “ಇನ್ನೊಂದು ವಿಷಯ,” ಎಂದರು, “ಆಟಿ ಮುಗಿಯುವವರೆಗೆ ಮಾತ್ರ. ಆಮೇಲೆ ನಿನ್ನ ಗೋಡೆಯೆಲ್ಲ ಮಾರಿ ಹೋಗ್ತದೆ.”

ನಮ್ಮ ಕಡೆ ಆಟಿಯಲ್ಲಿ, ಅಂದರೆ ಆಷಾಢದ ಹೊತ್ತಿನ ತುಳು ತಿಂಗಳಲ್ಲಿ, ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಮಂಚ ಹಾಸಿಗೆ ಕೊಳ್ಳುವ ಮಾತು ಯಾರೂ ಎತ್ತುವುದಿಲ್ಲ. ಹಮೀದಾಕನ ಮನೆಯಲ್ಲಿ ಆಟಿ ಸೋಣ ಎಂದೇನೂ ಇಲ್ಲದಿದ್ದರೂ ಅವರ ಗಿರಾಕಿಗಳ ಮನೆಯಲ್ಲಿ ಇತ್ತಲ್ಲ. ಆದ್ದರಿಂದ ಅವರ ಮೇಜಿನ ಹಿಂದೆ ತುಳು ತಿಂಗಳು ಇರುವ ಕ್ಯಾಲೆಂಡರೇ ತೂಗುತ್ತಿತ್ತು. ಸರಕು ಬಂದು ರಾಶಿ ಬೀಳುವುದು ಆಟಿಯಲ್ಲಿ, ಹೋಗುವುದು ಅದರ ಮುಂದಿನ ತಿಂಗಳು ಸೋಣದಲ್ಲಿ. ಹೀಗೆ ನನ್ನ ಸ್ಟುಡಿಯೋಗೆ ಒಂದು ಗಡುವು ಬಿತ್ತು.

ಆ ಭಾನುವಾರಗಳಷ್ಟು ಗಮ್ಮತ್ತಿನ ದಿನಗಳನ್ನು ನಾನು ಮತ್ತೆ ಕಾಣಲಿಲ್ಲ. ಹೊರಗೆ ಮಳೆ, ಒಳಗೆ ಬೆಚ್ಚಗೆ ಹಾಸಿಗೆ. ಮಲಗಬಾರದು ಎಂಬ ಷರತ್ತು ಮೊದಲ ದಿನವೇ ಮುರಿಯಿತು. ಒಬ್ಬ ಹಾಡುತ್ತಿದ್ದರೆ ಸರದಿ ಕಾಯುವವನು ಒರಗುತ್ತಿದ್ದ, ಒರಗಿದವನು ಜಾರುತ್ತಿದ್ದ, ಜಾರಿದವನು ಗೊರಕೆ ಹೊಡೆಯುತ್ತಿದ್ದ. ವ್ಯವಸ್ಥೆಯ ವಿರುದ್ಧ ಸಿಡಿದೇಳುವ ಹಾಡು ಬರೆದು ತಂದಿದ್ದ ಒಬ್ಬ ಮಹಾಶಯ ತನ್ನ ಸರದಿ ಬಂದಾಗ ಎಬ್ಬಿಸಿದರೂ ಏಳಲಿಲ್ಲ. ಆಮೇಲೆ ಎದ್ದು ನಿದ್ದೆಗಣ್ಣಿನಲ್ಲೇ ಹಾಡಿದ. ಆ ಮೆತ್ತಗಿನ ಸಿಟ್ಟೇ ಹಾಡಿಗೆ ಹೆಚ್ಚು ಹೊಂದಿತು. ಲವೀನಾಳದ್ದು ಒಂದೇ ಸಲಕ್ಕೆ ಮುಗಿಯಿತು. ವಿಮಾನ ಬಾರದ್ದನ್ನು ನೋಡಿ ಅವಳಿಗೇ ಒಂಥರಾ ಆಯಿತಂತೆ.

ಹಮೀದಾಕನ ಮಗಳು ಶಬಾನಾ ಅತ್ತಾವರದಲ್ಲಿ ಫಿಸಿಯೋಥೆರಪಿ ಓದುತ್ತಿದ್ದಳು. ಗೋದಾಮಿನಲ್ಲಿ ಏನು ಗೌಜಿ ಎಂದು ನೋಡಲು ಬಂದವಳು, ಎರಡನೇ ಭಾನುವಾರ ಫೋನು ತೆಗೆದು, “ರಂಜನಣ್ಣ, ನಾನೂ ಒಂದು ಬರ್ದಿದ್ದೇನೆ. ಬ್ಯಾರಿ ಭಾಷೆಯಲ್ಲಿ” ಎಂದಳು. ಮದುವೆ ಮನೆಗಳಲ್ಲಿ ಮಾಮಿಯರು ಅವಳನ್ನು ಹಿಡಿದು ಕೇಳುವ ಪ್ರಶ್ನೆಗಳನ್ನೇ ಸಾಲಾಗಿ ಜೋಡಿಸಿದ್ದಳು. ಹೇಳತೊಡಗಿದಾಗ ಮಲಗಿದ್ದವರೆಲ್ಲ ಎದ್ದು ಕುಳಿತರು. ನಾನು ಹೆದರಿ ಹಮೀದಾಕನ ಮುಖ ನೋಡಿದೆ. ಅವರು ಹಣೆ ಗಂಟಿಕ್ಕಿದ್ದರು. ಮುಗಿದ ಮೇಲೆ, “ಮೂರನೇ ಸಾಲಿನ ಆ ಶಬ್ದ ನಮ್ಮದಲ್ಲ, ಅದು ಕಾಸರಗೋಡಿನದ್ದು. ನಿನ್ನ ಉಮ್ಮನ ಹತ್ರ ಕೇಳಿ ಸರಿ ಮಾಡು” ಎಂದರು. ಅವರ ಆಕ್ಷೇಪ ಅಷ್ಟೇ. ಮುಂದಿನ ವಾರ ಉಮ್ಮನೇ ಇನ್ನೂ ಎರಡು ಸಾಲು ಸೇರಿಸಿ ಕಳಿಸಿದ್ದರು.

ಏಳು ಹಾಡುಗಳು ಹೀಗೆ ಆದವು. ಎಂಟನೆಯದರ ಬೀಟು ಎಲ್ಲಕ್ಕಿಂತ ಮೊದಲೇ ಮಾಡಿಟ್ಟಿದ್ದೆ, ಎಲ್ಲಕ್ಕಿಂತ ವೇಗದ್ದು. ಅದು ಯಾರಿಗೆ ಎಂಬುದೂ ಮೊದಲೇ ನಿಶ್ಚಯವಾಗಿತ್ತು. ಅದು ದಾಮಣ್ಣನಿಗೆ.

ದಾಮೋದರ, ನಮಗೆಲ್ಲ ದಾಮಣ್ಣ, ಬಜಪೆಯಲ್ಲಿ ಬಳೆ ರಿಬ್ಬನ್ನಿನ ಫ್ಯಾನ್ಸಿ ಅಂಗಡಿ ಇಟ್ಟವರು. ಆದರೆ ಜಿಲ್ಲೆಯ ಮೈದಾನಗಳಿಗೆ ಅವರು ಕಾಮೆಂಟರಿ ದಾಮಣ್ಣ. ಅಂಡರ್‌ಆರ್ಮ್ ಕ್ರಿಕೆಟಿನ ಟೂರ್ನಮೆಂಟು ಎಲ್ಲಿದ್ದರೂ ಮೈಕಿನ ಮುಂದೆ ಅವರೇ. ತುಳು ಕನ್ನಡ ಕಲಸಿ, ಉಸಿರು ಬಿಡದೆ, ಚೆಂಡಿಗಿಂತ ಮುಂದೆ ಓಡುವ ಮಾತು. ನಾನು ಚಿಕ್ಕವನಿದ್ದಾಗ ಆಟ ನೋಡಲು ಹೋಗುತ್ತಿರಲಿಲ್ಲ, ಅಂಗಳದಲ್ಲಿ ಕೂತು ಧ್ವನಿವರ್ಧಕದಲ್ಲಿ ಬರುವ ಅವರ ಸ್ವರ ಕೇಳುತ್ತಿದ್ದೆ. ರ‍್ಯಾಪ್ ಎಂಬ ಶಬ್ದ ತಿಳಿಯುವ ಮೊದಲೇ ನಾನು ಕೇಳಿದ ರ‍್ಯಾಪು ಅದು. ಮಳೆಗಾಲದಲ್ಲಿ ಟೂರ್ನಮೆಂಟು ಇಲ್ಲದ್ದರಿಂದ ಬಿಡುವಾಗಿರುತ್ತಾರೆ, ಕುಣಿದುಕೊಂಡು ಬಂದಾರು ಎಂದು ಅಂಗಡಿಗೆ ಹೋದೆ.

ದಾಮಣ್ಣ ಸ್ಟೂಲಿನ ಮೇಲೆ ಸುಮ್ಮನೆ ಕುಳಿತಿದ್ದರು. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಆವತ್ತು. ಮಾತಾಡಿದ್ದು ಅವರ ಹೆಂಡತಿ ಸುಮತಿಯಕ್ಕ. “ಗಂಟಲಲ್ಲಿ ಗಂಟಾಗಿದೆ. ಹೆದರುವಂಥದ್ದು ಅಲ್ಲ ಅಂತೆ, ಬೊಬ್ಬೆ ಹಾಕಿ ಹಾಕಿ ಆದದ್ದು. ಸೋಣದ ಮೊದಲ ವಾರ ಆಪರೇಷನ್. ಆದ್ರೆ ಆಮೇಲೆ ಈ ಸ್ವರ ಹೀಗೇ ಉಳೀತದೆ ಅಂತ ಹೇಳ್ಲಿಕ್ಕಾಗುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಅಲ್ಲಿವರೆಗೆ ಮಾತು ಕಡಿಮೆ ಮಾಡ್ಬೇಕಂತೆ. ಇವರಿಗೆ ಹೇಳಿದ್ರೆ ಕೇಳ್ತಾರಾ? ರೇಷನ್ ಕೊಟ್ಟ ಹಾಗೆ ಮಾತು ಕೊಡ್ತಾ ಇದ್ದೇನೆ.”

ನಾನು ಬೀಟಿನ ವಿಷಯ ಎತ್ತಲಿಲ್ಲ. ಹಳೆಯ ಕಾಮೆಂಟರಿ ಯಾವುದಾದರೂ ರೆಕಾರ್ಡ್ ಆಗಿ ಇದೆಯೇ ಎಂದಷ್ಟೇ ಕೇಳಿದೆ. ಫೋನುಗಳಲ್ಲಿ ತುಂಡು ತುಂಡು ಇತ್ತು. ಎಲ್ಲದರಲ್ಲೂ ಗಾಳಿ, ಸೀಟಿ, ಪಟಾಕಿ. ನಡುವೆ ಎಲ್ಲೋ ದೂರದಲ್ಲಿ ದಾಮಣ್ಣ. ಇಷ್ಟು ವರ್ಷ ಇಡೀ ಜಿಲ್ಲೆಗೆ ಕೇಳಿದ ಸ್ವರ, ಸರಿಯಾಗಿ ಎಲ್ಲಿಯೂ ಉಳಿದಿರಲಿಲ್ಲ. ಅದು ತಿಳಿದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ದಾಮಣ್ಣನಿಗೂ ಅದೇ ಹೊಳೆದಿರಬೇಕು. ಸುಮತಿಯಕ್ಕನ ಕಡೆ ನೋಡಿ, ರೇಷನ್ನಿನಿಂದ ಸ್ವಲ್ಪ ತೆಗೆದು, ಕರಕರ ಸ್ವರದಲ್ಲಿ ಹೇಳಿದರು: “ಕೊಯ್ಯುವ ಮೊದಲು ಒಮ್ಮೆ ಲಾಯ್ಕದಲ್ಲಿ ಹಿಡಿದಿಡು ಮಾರಾಯ. ಹೋದ್ರೆ ಹೋಯ್ತಲ್ಲ ಮತ್ತೆ.”

ಅಲ್ಲಿಂದ ಮುಂದೆ ಆ ಆಲ್ಬಮಿನಲ್ಲಿ ನನ್ನ ಹೆಸರು ದೊಡ್ಡದಾಗಿ ಬರುತ್ತದೋ ಸಣ್ಣದಾಗಿ ಬರುತ್ತದೋ ಎಂಬ ಚಿಂತೆ ಹೋಯಿತು. ಆ ಸ್ವರ ಹಿಡಿಯಬೇಕು, ಅಷ್ಟೇ. ಸುಮತಿಯಕ್ಕ ಡಾಕ್ಟರನ್ನು ಕೇಳಿದರು. ಬೊಬ್ಬೆ ಹಾಕದಿದ್ದರೆ, ಒಂದು ದಿನ, ಸ್ವಲ್ಪ ಹೊತ್ತು ಆಗಬಹುದು ಎಂಬ ಒಪ್ಪಿಗೆ ಸಿಕ್ಕಿತು. ಆಪರೇಷನ್ನಿಗೆ ಮುಂಚಿನ ಭಾನುವಾರಕ್ಕೆ ಗೊತ್ತು ಮಾಡಿದೆವು, ಆಟಿಯ ಕೊನೆಯ ಭಾನುವಾರವೂ ಅದೇ. ಅಷ್ಟರವರೆಗೆ ದಾಮಣ್ಣ ಪೂರಾ ಮೌನ, ಗಂಟಲಿಗೆ ವಿಶ್ರಾಂತಿ. ಮೈಕು ಹತ್ತಿರ ಇಟ್ಟು ಹಾಸಿಗೆಗಳ ನಡುವೆ ಮಾತಾಡಿದರೆ ಪಿಸುಗುಟ್ಟಿದರೂ ಸಾಕು, ಎಲ್ಲವೂ ಬರುತ್ತದೆ ಎಂದು ನಾನು ಧೈರ್ಯ ಹೇಳಿದೆ.

ಶನಿವಾರ ಸಂಜೆ ಹಮೀದಾಕನ ಫೋನು. ಅತ್ತಾವರದಲ್ಲಿ ಹೊಸದಾಗಿ ಕಟ್ಟಿದ ಒಂದು ಹಾಸ್ಟೆಲಿನವರು ಆಟಿ ಮುಗಿಯಲೆಂದು ಕಾದಿದ್ದರಂತೆ. ಈಗ ಉದ್ಘಾಟನೆ ಬೇಗ ಇಟ್ಟುಕೊಂಡು ಹಿಂದಿನ ಕೋಣೆಯ ಹಾಸಿಗೆ ಅಷ್ಟೂ ಬೇಕು ಎಂದಿದ್ದಾರೆ. ಲಾರಿ ನಾಳೆ ಬೆಳಗ್ಗೆ.

“ಮಧ್ಯಾಹ್ನಕ್ಕೆ ಕಳಿಸ್ಲಿಕ್ಕೆ ಆಗುದಿಲ್ಲವಾ ಹಮೀದಾಕ?”

“ಮಳೆ ಬಿಟ್ಟಾಗ ತುಂಬಿಸ್ಬೇಕಲ್ಲ ಮಾರಾಯ. ಒದ್ದೆಯಾದ ಹಾಸಿಗೆ ಮೇಲೆ ಮಕ್ಕಳು ಮಲಗ್ಲಿಕ್ಕುಂಟಾ? ನೀವು ಬೇಗ ಬನ್ನಿ. ಅವರು ಮುಂದಿನಿಂದ ತೆಗೀಲಿ, ನೀವು ಹಿಂದೆ ಮುಗಿಸಿ.”

ಭಾನುವಾರ ಬೆಳಗ್ಗೆ ನಾವು ಹೋಗುವಾಗ ಲಾರಿ ಆಗಲೇ ಬಂದು ನಿಂತಿತ್ತು. ಹಾಸಿಗೆಗಳ ದಾರಿಯ ತುದಿಯಲ್ಲಿ ಮೈಕು ನಿಲ್ಲಿಸಿ, ದಾಮಣ್ಣನನ್ನು ಅದರ ಮುಂದೆ ನಿಲ್ಲಿಸಿದೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಫೈನಲ್ ಪಂದ್ಯಕ್ಕೆ ಹೋಗುವ ಹಾಗೆ ಬಂದಿದ್ದರು. ಸುಮತಿಯಕ್ಕ ಬಿಸಿನೀರಿನ ಫ್ಲಾಸ್ಕ್ ಹಿಡಿದು ಪಕ್ಕದಲ್ಲಿ. ನಾನು ಹೆಡ್‌ಫೋನ್ ಹಾಕಿ ಕೈ ಎತ್ತಿದೆ. ದಾಮಣ್ಣ ಮೊದಲು ಮಾಡಿದ ಕೆಲಸ, ಮೈಕನ್ನು ಬೆರಳಿನಿಂದ ಕುಟ್ಟಿ, ಬಾಯಿ ಹತ್ತಿರ ತಂದು ಉಫ್ ಎಂದು ಊದಿದ್ದು. ನನ್ನ ಕಿವಿಯಲ್ಲಿ ಚಂಡಮಾರುತ ಬಂದು ಹೋಯಿತು.

ಆಮೇಲೆ ಶುರುಮಾಡಿದರು. “ವೇದಿಕೆಯಲ್ಲಿ ಆಸೀನರಾಗಿರುವ ಗಣ್ಯರೇ, ಈ ಪಂದ್ಯಾಟಕ್ಕೆ ತನು ಮನ ಧನಗಳಿಂದ ಸಹಕರಿಸಿದ ಮಹನೀಯರೇ, ಶಾಮಿಯಾನದವರೇ, ಮೈಕ್ ಸೆಟ್‌ನವರೇ, ಮಜ್ಜಿಗೆಯ ವ್ಯವಸ್ಥೆ ಮಾಡಿದ...”

“ದಾಮಣ್ಣ, ಇಲ್ಲಿ ಯಾರೂ ಗಣ್ಯರಿಲ್ಲ. ನೇರ ಆಟಕ್ಕೆ ಬನ್ನಿ” ಎಂದೆ.

ಅವರು ತಲೆಯಾಡಿಸಿದರು. ಮತ್ತೆ ಶುರುಮಾಡಿದಾಗ ಮತ್ತೆ ಗಣ್ಯರೇ. ನಮ್ಮ ಊರಿನಲ್ಲಿ ಮೈಕು ಹಿಡಿದವನು ಯಾರ ಹೆಸರನ್ನೂ ಬಿಡುವ ಹಾಗಿಲ್ಲ. ಒಬ್ಬರ ಹೆಸರು ಬಿಟ್ಟರೂ ಮುಂದಿನ ವರ್ಷ ಆ ಮನೆಯ ಮುಂದೆ ತಲೆ ತಗ್ಗಿಸಿ ನಡೆಯಬೇಕಾಗುತ್ತದೆ. ಆ ಹೆದರಿಕೆ ಅವರ ನಾಲಿಗೆಯಲ್ಲಿ ಕೂತುಬಿಟ್ಟಿತ್ತು. ಮೂರನೇ ಸಲ ಅವರು ಹಮೀದಾಕನಿಗೂ ಬಿಸಿನೀರು ಒದಗಿಸಿದ ತನ್ನ ಹೆಂಡತಿಗೂ ಕೃತಜ್ಞತೆ ಹೇಳಿದರು. ಸುಮತಿಯಕ್ಕನ ಮುಖ ಕೆಂಪಾಯಿತು, ನಾಚಿಕೆಗೋ ಸಿಟ್ಟಿಗೋ ಗೊತ್ತಾಗಲಿಲ್ಲ. “ನಿಮ್ಮ ಗಂಟಲು ಎಲ್ಲ ಥ್ಯಾಂಕ್ಸಲ್ಲೇ ಮುಗೀತದೆ” ಎಂದರು.

ಗಣ್ಯರನ್ನು ದಾಟಿದ ಮೇಲೆ ಇನ್ನೂ ದೊಡ್ಡ ಕಷ್ಟ ಎದುರಾಯಿತು. ಮಾತೇ ಬರಲಿಲ್ಲ. ಶಬಾನಾ ಬರೆದುಕೊಟ್ಟ ಸಾಲುಗಳನ್ನು ಓದಿದರು, ಶಾಲೆಯ ಪಾಠ ಓದಿದ ಹಾಗಿತ್ತು. ಸುಮ್ಮನೆ ಒಂದು ಆಟ ಇದೆಯೆಂದು ಭಾವಿಸಿ ಹೇಳಿ ಎಂದರೆ, ಬೆವರು ಒರೆಸಿಕೊಂಡು ನಿಂತರು. “ಎದುರಲ್ಲಿ ಆಟ ಇಲ್ಲದೆ ಹೇಗೆ ಹೇಳುದು ರಂಜು? ಚೆಂಡು ಓಡಿದ್ರೆ ನಂಗೆ ಮಾತು ಬರುದು. ಸುಳ್ಳು ಆಟಕ್ಕೆ ಮಾತು ಬರುದಿಲ್ಲ.” ಅವರ ಸ್ವರ ಆಗಲೇ ಒಡೆಯತೊಡಗಿತ್ತು. ಮುಂದಿನ ಕೋಣೆಯಿಂದ ಲೋಡಿಂಗಿನವರು ಬಂದು ಮೊದಲ ಸಾಲಿನ ಹಾಸಿಗೆ ಎತ್ತಿಕೊಂಡು ಹೋದರು. ಆ ಸ್ವರ ನನ್ನ ಕಣ್ಣೆದುರೇ ಮುಗಿದು ಹೋಗುತ್ತದೆ, ನಾನು ಅದನ್ನು ಗಣ್ಯರ ಪಟ್ಟಿಗೆ ಖರ್ಚು ಮಾಡಿಸಿದೆ ಎಂದು ಸಂಕಟವಾಯಿತು.

ಮೊದಲ ಸಾಲು ಹೋದದ್ದರಿಂದ ನಾವು ನಿಂತಲ್ಲಿಂದ ಗೋದಾಮಿನ ಬಾಗಿಲು, ಅದರಾಚೆ ಲಾರಿ, ಅದರಾಚೆ ಸಮುದ್ರದ ಕಡೆಯ ಆಕಾಶ ಕಾಣತೊಡಗಿತು. ಪಣಂಬೂರಿನ ಮೇಲೆ ಮೋಡ ಕಪ್ಪಾಗಿ ಏಳುತ್ತಿತ್ತು. ಹಮೀದಾಕ ಬಾಗಿಲಲ್ಲಿ ನಿಂತು “ಬೇಗ ಬೇಗ, ಬರ್ತದೆ ಅದು” ಎಂದು ಅವಸರಿಸುತ್ತಿದ್ದರು. ಕೆಂಪು ಬನಿಯಾನಿನ ಒಬ್ಬ ತಲೆಯ ಮೇಲೆ ಹಾಸಿಗೆ ಹೊತ್ತು ಓಡಿದ. ಜಾರಿದ. ಜಾರಿದವನು ಬೀಳದೆ ನಿಂತು ಮತ್ತೆ ಓಡಿದ.

“ಬಿದ್ದ ಬಿದ್ದ... ಇಲ್ಲ, ಬೀಳ್ಲಿಲ್ಲ! ಎಂಥಾ ಬ್ಯಾಲೆನ್ಸ್ ಮಾರಾಯ್ರೆ!”

ಹೇಳಿದ್ದು ದಾಮಣ್ಣ. ನನಗಲ್ಲ, ಮೈಕಿಗೂ ಅಲ್ಲ; ಕಣ್ಣು ಬಾಗಿಲಲ್ಲೇ ಇತ್ತು. ನಾನು ರೆಕಾರ್ಡಿಂಗ್ ಒತ್ತಿದೆ.

“ಪ್ರೇಕ್ಷಕ ಬಂಧುಗಳೇ, ಪಣಂಬೂರು ಎಂಡಿನಿಂದ ಮೋಡ ಓಡಿ ಬರ್ತಾ ಉಂಟು. ಬ್ಯಾಟಿಂಗಲ್ಲಿ ಹಮೀದ್ ಇಲೆವೆನ್, ಬೈಕಂಪಾಡಿ. ಕೆಂಪು ಬನಿಯಾನಿನ ಆಟಗಾರ ತಲೆ ಮೇಲೆ ಡಬಲ್ ಬೆಡ್ಡು ಹೊತ್ತು ಸಿಂಗಲ್ ರನ್ನಿಗೆ ಓಡ್ತಾನೆ. ಲಾರಿ ಮೇಲಿನ ಫೀಲ್ಡರ್ ಕೈ ಚಾಚಿದ, ಹಿಡಿದ, ಎಳೆದ! ಯಜಮಾನರು ಬೌಂಡರಿಯಲ್ಲಿ ನಿಂತು ಆಕಾಶ ನೋಡ್ತಾರೆ, ಆಕಾಶ ಯಜಮಾನರನ್ನು ನೋಡ್ತದೆ...”

ಮಾತು ಹೊರಟಿತು ನೋಡಿ. ಬೊಬ್ಬೆ ಇಲ್ಲ, ಸುಮತಿಯಕ್ಕನ ಕೈ ಅವರ ಹೆಗಲ ಮೇಲಿತ್ತು, ಸ್ವರ ಏರಿದಾಗಲೆಲ್ಲ ಆ ಕೈ ಮೆಲ್ಲಗೆ ಒತ್ತುತ್ತಿತ್ತು. ತುಳುವಿಗೆ ಹಾರಿದರು, ಕನ್ನಡಕ್ಕೆ ಬಂದರು, ಎರಡು ಇಂಗ್ಲಿಷ್ ಎಸೆದರು, ಮತ್ತೆ ತುಳು. ಲೋಡಿಂಗಿನವರಿಗೆ ಇದು ಕೇಳಿಸಿ ಮೊದಲು ನಗು ಬಂತು, ಆಮೇಲೆ ಹುರುಪು ಬಂತು. ಓಡುವವರು ಇನ್ನೂ ಜೋರಾಗಿ ಓಡಿದರು, ಒಬ್ಬ ಲಾರಿಯಿಂದ ಬ್ಯಾಟು ಎತ್ತಿದ ಹಾಗೆ ಕೈ ಎತ್ತಿ ತೋರಿಸಿದ. ಗೋಡೆಗಳು ಒಂದೊಂದಾಗಿ ಹೋಗುತ್ತಿದ್ದವು. ನನ್ನ ಹೆಡ್‌ಫೋನಿನಲ್ಲಿ ಅದು ಸ್ಪಷ್ಟವಾಗಿ ಕೇಳುತ್ತಿತ್ತು: ಕಿವಿಯ ಪಕ್ಕದಲ್ಲಿದ್ದ ಸ್ವರಕ್ಕೆ ಮೆಲ್ಲಗೆ ಒಂದು ಮಾರ್ದನಿ ಹುಟ್ಟಿತು, ಅದು ದೊಡ್ಡದಾಯಿತು, ಕೋಣೆ ಅಗಲವಾಗುತ್ತ ಹೋಯಿತು.

ಕೊನೆಗೆ ಉಳಿದದ್ದು ಮೈಕಿನ ಹಿಂದೆ ಇದ್ದ ಒಂದೇ ಹಾಸಿಗೆ. ಕೆಂಪು ಬನಿಯಾನಿನವನು ಬಂದು ತೆಗೆಯಲೋ ಬೇಡವೋ ಎಂದು ನಿಂತ. ನಾನು ತೆಗಿ ಎಂದು ಕೈಸನ್ನೆ ಮಾಡಿದೆ. ಅವನು ಅದನ್ನೆತ್ತಿ ಓಡಿದ. ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು.

“ಬರ್ಸ ಬತ್ತ್ಂಡ್, ಬರ್ಸ ಬತ್ತ್ಂಡ್! ಮಳೆ ಬಂತು! ಕೊನೆಯ ಬೆಡ್ಡು, ಕೊನೆಯ ಓಟ, ಮಳೆ ಮುಂದೆಯಾ ಬೆಡ್ಡು ಮುಂದೆಯಾ, ಹೋದ, ಹೋದ, ಹೋದ...” ಹಾಸಿಗೆ ಲಾರಿಯೊಳಗೆ ಬಿತ್ತು, ಟಾರ್ಪಾಲು ಮುಚ್ಚಿತು. ದಾಮಣ್ಣ ಬೊಬ್ಬೆ ಹಾಕಲು ಬಾಯಿ ತೆರೆದರು. ಸುಮತಿಯಕ್ಕನ ಕೈ ಒತ್ತಿತು. ಜಿಲ್ಲೆಯಲ್ಲೇ ದೊಡ್ಡ ಗಂಟಲಿನ ಆ ಮನುಷ್ಯ, ಖಾಲಿ ಗೋದಾಮಿನಲ್ಲಿ, ಪಿಸುಮಾತಿನಲ್ಲಿ ಹೇಳಿದರು: “ಗೆದ್ದರು.” ಅದು ನಾಲ್ಕೂ ಗೋಡೆಗೆ ಹೋಗಿ ಮರಳಿ ಬಂತು. ಆಮೇಲೆ ಮಳೆ ಬಂದು ಎಲ್ಲವನ್ನೂ ಮುಚ್ಚಿತು. ಹಮೀದಾಕ ಒದ್ದೆ ತಲೆಯಲ್ಲೇ ಒಳಗೆ ಬಂದು ದಾಮಣ್ಣನ ಕೈ ಹಿಡಿದು ಕುಲುಕಿದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆ ಹಾಡಿನ ಮೇಲೆ ನಾನು ಹೆಚ್ಚೇನೂ ಕೆಲಸ ಮಾಡಲಿಲ್ಲ. ಬೀಟನ್ನೇ ಅವರ ಮಾತಿನ ಓಟಕ್ಕೆ ಹೊಂದಿಸಿದೆ, ಕೊನೆಯ ಪಿಸುಮಾತಿನಲ್ಲಿ ಎಲ್ಲ ವಾದ್ಯ ನಿಲ್ಲಿಸಿದೆ. ಇವತ್ತಿಗೂ ಬೇರೆ ಊರಿನ ಪ್ರೊಡ್ಯೂಸರುಗಳು, ಆ ಮಾರ್ದನಿ ಮೆಲ್ಲಗೆ ಬೆಳೆಯುತ್ತದಲ್ಲ, ಅದಕ್ಕೆ ಯಾವ ಸಾಫ್ಟ್‌ವೇರ್ ಎಂದು ಕೇಳುತ್ತಾರೆ. ಹಾಸ್ಟೆಲ್ ಆರ್ಡರ್ ಎನ್ನುತ್ತೇನೆ. ನಂಬುವುದಿಲ್ಲ.

ಅದೇ ವಾರ ಅತ್ತಾವರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಆಮೇಲೆ ಕೆಲವು ವಾರ ಒಂದಕ್ಷರವೂ ಮಾತಾಡಬಾರದು ಎಂದರು. ನಾನು ನೋಡಲು ಹೋದಾಗ ದಾಮಣ್ಣ ಮನೆಯಲ್ಲಿ ಅಂಪಾಯರ್ ಸನ್ನೆಗಳಿಂದಲೇ ಸಂಸಾರ ನಡೆಸುತ್ತಿದ್ದರು. ಗಂಜಿಗೆ ಉಪ್ಪು ಕಡಿಮೆಯಾದರೆ ನೋಬಾಲ್, ಹೆಚ್ಚಾದರೆ ವೈಡ್. ನೆಂಟರು ಬಂದು ಏಳದೆ ಕೂತರೆ ಸುಮತಿಯಕ್ಕನ ಕಡೆ ತಿರುಗಿ ಒಂದು ಬೆರಳೆತ್ತಿ ಔಟ್. ಆಲ್ಬಮ್ ಬಂದ ದಿನ ಅವರ ಕಿವಿಗೆ ಹೆಡ್‌ಫೋನ್ ಹಾಕಿ ಎಂಟನೇ ಹಾಡು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಹೆಡ್‌ಫೋನ್ ತೆಗೆಯಲಿಲ್ಲ. ಆಮೇಲೆ ಎರಡೂ ಕೈ ಮೇಲೆತ್ತಿದರು, ಸಿಕ್ಸರ್.

ಆಲ್ಬಮ್ ತಕ್ಕಮಟ್ಟಿಗೆ ಓಡಿತು. ಶಬಾನಾಳ ಹಾಡು ಅವಳ ಕಾಲೇಜಿನಲ್ಲಿ ಎಲ್ಲರ ಬಾಯಲ್ಲಿ ಬಂತು. ಅದರಲ್ಲಿ ಬರುವ ಮಾಮಿಯರೇ ಅದನ್ನು ಒಬ್ಬರಿಗೊಬ್ಬರು ಕಳಿಸಿಕೊಂಡು, ಇದು ಆಚೆಮನೆಯವಳನ್ನು ಕುರಿತದ್ದು ಎಂದು ನಕ್ಕರು. ಬಜಪೆಯ ಹುಡುಗರು ದಾಮಣ್ಣನ ಹಾಡನ್ನು ಬೈಕು, ರಿಕ್ಷಾ, ಕ್ಲಬ್ಬು ಎಲ್ಲ ಕಡೆ ಹಾಕಿದರು. ನನ್ನ ಹೆಸರೂ ಕೆಲವರಿಗೆ ತಿಳಿಯಿತು. ಆದರೂ ಆ ದಿನಗಳಲ್ಲಿ ನನ್ನ ಮನಸ್ಸು ಇದ್ದದ್ದು ದಾಮಣ್ಣನ ಮೌನದಲ್ಲಿ. ಸ್ವರ ಹಿಡಿದಿಟ್ಟದ್ದೇನೋ ಆಯಿತು. ಆ ಮನುಷ್ಯ ಇನ್ನು ಬಾಯಿ ತೆರೆದಾಗ ಏನು ಕೇಳುತ್ತದೋ, ಅದನ್ನು ಕೇಳಿ ಅವರು ಏನಾಗುತ್ತಾರೋ ಎಂದು ಅಂಜುತ್ತಿದ್ದೆ.

ಮಳೆ ಹಿಂದೆ ಸರಿದು ಬಿಸಿಲು ಬಂದ ಒಂದು ಬೆಳಗ್ಗೆ, ಕಾರ್ಖಾನೆಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

“ಆಲ್ಬಮ್ ಮಾಡಿದ ರಂಜನ್ ಅಲ್ಲವಾ?” ತೆಳ್ಳಗಿನ, ನಯವಾದ ಸ್ವರ. ಯಾರೋ ಹೊಸ ಮೇಷ್ಟರು ಮಾತಾಡಿದ ಹಾಗಿತ್ತು. “ಕೊನೆಯ ಹಾಡು ಲಾಯ್ಕ ಉಂಟು. ಅದನ್ನು ಹೇಳಿದ ಜನ ಯಾರು?”

“ಅವರು ದಾಮಣ್ಣ ಅಂತ, ನಮ್ಮ ಬಜಪೆಯವರು” ಎಂದೆ. ಹೇಳಲು ಶುರುಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಅಂಗಳದಲ್ಲಿ ಕೂತು ಅವರನ್ನು ಕೇಳಿದ್ದು, ಆಪರೇಷನ್ ಆದದ್ದು, ಎಲ್ಲ ಹೇಳಿದೆ. “ಅಂಥ ಸ್ವರ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಇನ್ನು ಸಿಗ್ಲಿಕ್ಕೂ ಇಲ್ಲ” ಎಂದೆ.



“ಬೇಜಾರು ಮಾಡ್ಬೇಡ ರಂಜು,” ಎಂದಿತು ಆ ತೆಳ್ಳಗಿನ ಸ್ವರ. “ಆ ಹಳೆಯವ ನಿನ್ನ ಹತ್ರ ಭದ್ರ ಉಂಟಲ್ಲ. ಮುಂದಿನ ಆಲ್ಬಮಿಗೆ ಈ ಹೊಸಬನನ್ನು ಗೆಸ್ಟ್ ಮಾಡು. ಡಾಕ್ಟ್ರು ಇವತ್ತು ಪರ್ಮಿಷನ್ ಕೊಟ್ರು ಮಾರಾಯ, ಪಕ್ಕದ ಅಂಗಡಿಯವನ ಫೋನ್ ತಕೊಂಡು ಮೊದ್ಲು ನಿಂಗೇ ಮಾಡಿದ್ದು.”

ಹೇಳಿ ನಕ್ಕರು. ಸ್ವರ ಬೇರೆಯಾಗಿತ್ತು, ನಗು ಮಾತ್ರ ಅದೇ. ಡಾಕ್ಟರು ಅದನ್ನು ಮುಟ್ಟಿರಲಿಲ್ಲ. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. “ದಾಮಣ್ಣ, ಫೋನ್ ಇಡಬೇಡಿ, ಇನ್ನೊಮ್ಮೆ ನಗಿ” ಎಂದೆ. ಕೈ ಆಗಲೇ ಫೋನಿನಲ್ಲಿ ರೆಕಾರ್ಡಿಂಗ್ ಬಟನ್ ಹುಡುಕುತ್ತಿತ್ತು.